ದೊಡ್ಡಮನೆಯ ಸೂಜಿದಿಂಬು

ವಿದಿಕಾಟ್ ದೊಡ್ಡಮನೆ
೪ ಮಾರ್ಚ್ ೧೯೧೨

ಶ್ರೀಮತಿ ಡಾರ್ಕಸ್ ಯೆಲಂಡ್ ಅವರಿಗೆ,

ನಮ್ಮ ಧಣಿಗಳಾದ ಸ್ಟಾವೆಲ್ ಅವರು ವಿದಿಕಾಟ್ ಹಳ್ಳಿಯ ಮತ್ತು ದೊಡ್ಡಮನೆಯ ಇತಿಹಾಸವನ್ನು ಪುಸ್ತಕವಾಗಿ ಬರೆಯುತ್ತಿದ್ದಾರೆ. ಹಿರಿಯರ ನೆನಪುಗಳನ್ನು ಕೇಳಿ ತರಿಸುವಂತೆ ನನಗೆ ಅಪ್ಪಣೆಯಾಗಿದೆ. ಹಳ್ಳಿಯಲ್ಲಿ ಎಪ್ಪತ್ತು ಮುಟ್ಟಿದವರು ಈಗ ನೀವೊಬ್ಬರೇ. ಹಳೆಯ ಹಳ್ಳಿ ಎಲ್ಲಿತ್ತು, ಗುಡ್ಡದ ಹಿಂದಕ್ಕೆ ಯಾಕೆ ಬಂತು, ಶವಪೆಟ್ಟಿಗೆ ಗೇಟು ದಾಟುವಾಗ ಗುಂಡುಸೂಜಿ ಕೊಡುವ ಪದ್ಧತಿ ಹೇಗೆ ಶುರುವಾಯಿತು ಎಂಬುದನ್ನು ನಿಮಗೆ ತಿಳಿದಷ್ಟು ಬರೆದು ಕಳಿಸಿದರೆ ಧಣಿಗಳಿಗೆ ಸಂತೋಷವಾಗುತ್ತದೆ.

ಚಳಿ ಇನ್ನೂ ಬಿಟ್ಟಿಲ್ಲ. ಮೈ ಜೋಪಾನ.

ಇಂತು,
ಟಿ. ಯೆಲಂಡ್
ಮನೆವಾರ್ತೆಯ ಮೇಲ್ವಿಚಾರಕಿ


ಹಿಂದಿನ ಸಾಲು, ವಿದಿಕಾಟ್
೯ ಮಾರ್ಚ್ ೧೯೧೨

ಮಿಸೆಸ್ ಯೆಲಂಡ್,

ಹದಿನೆಂಟು ವರ್ಷದ ಮೇಲೆ ನನ್ನ ಹೆಸರಿಗೆ ನಿನ್ನ ಕೈಬರಹ ಬಂತು. ಅರ್ಧ ಮೈಲಿ ಆಚೆಯಿಂದ ಹೊರಟ ಕಾಗದ ಏಳು ಮೈಲಿ ದೂರದ ಪೇಟೆಗೆ ಹೋಗಿ, ಮುದ್ರೆ ಹೊಡೆಸಿಕೊಂಡು, ಮತ್ತೆ ಏಳು ಮೈಲಿ ವಾಪಸು ಬಂದಿದೆ. ಅಂಚೆಯವನು ಬಾಗಿಲಲ್ಲಿ ನಿಂತು, "ಮಗಳು ಕಾಗದ ಹಾಕವ್ಳೆ ಡಾರ್ಕಸಮ್ಮ, ಓದಿ ಹೇಳ್ಲಾ?" ಎಂದ. "ನಂಗೂ ಓದಕ್ಕೆ ಬತ್ತದೆ, ನಿನ್ ಮೂಗು ಆಚೆ ಇಟ್ಕೋ" ಎಂದು ಕಳಿಸಿದೆ.

ನೀನು ಗಂಡನಿಲ್ಲದೆ ಮಿಸೆಸ್ ಆಗಿದ್ದೀಯಂತೆ. ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡವಳನ್ನೆಲ್ಲ ದೊಡ್ಡಮನೆಯವರು ಹಾಗೇ ಕರೆಯುತ್ತಾರೆಂದು ಕೇಳಿದೆ. ಒಳ್ಳೆಯ ಗಂಡನೇ ಸಿಕ್ಕಿದ್ದಾನೆ ಬಿಡು, ಹೋದಲ್ಲೆಲ್ಲ ಗಲಗಲ ಅನ್ನುತ್ತಾನೆ.

ಧಣಿಗೆ ಇತಿಹಾಸ ಬೇಕೇ? ಬರೆದುಕೊಳ್ಳಲಿ. ನಿಮ್ಮ ದಿವಾನಖಾನೆಯ ಕಿಟಕಿಗೆ ಎದುರಾಗಿ ಎರಡು ದೇವದಾರು ಮರಗಳಿವೆಯಲ್ಲ, ಅವುಗಳ ನಡುವೆ ನನ್ನ ಅಜ್ಜಿ ಹುಟ್ಟಿದ ಮನೆಯಿತ್ತು. ಮೂವತ್ತೊಂದು ಒಲೆಗಳ ಹಳ್ಳಿ. ಬಾವಿ, ಕುಲುಮೆ, ಹೆಂಡದಂಗಡಿ ಎಲ್ಲವೂ ಚರ್ಚಿನ ಸುತ್ತ. ಈಗಿನ ಧಣಿಯ ಅಜ್ಜ ಮದುವೆಯಾಗಿ ಬಂದ. ಹೊಸ ಹೆಂಡತಿ ಕಿಟಕಿ ತೆರೆದವಳೇ, "ಅಯ್ಯೋ, ಈ ಹಂದಿಗೂಡುಗಳನ್ನ ನೋಡ್ಕೊಂಡು ನಾನು ಚಹಾ ಕುಡೀಬೇಕಾ?" ಎಂದಳು. ಅಷ್ಟೇ. ಕೊಯ್ಲು ಮುಗಿಯುವ ತನಕವೂ ತಡೆಯಲಿಲ್ಲ. ಅಜ್ಜಿಗೆ ಆಗ ಒಂಬತ್ತು ವರ್ಷ. ಒಲೆಯ ಮೇಲೆ ಬೇಯುತ್ತಿದ್ದ ಬಟಾಣಿ ಗಂಜಿಯ ಪಾತ್ರೆಯನ್ನು ಅವಳೂ ಅವಳ ಅಕ್ಕನೂ ಎರಡು ಕಡೆ ಹಿಡಿದು ಗುಡ್ಡ ಹತ್ತಿದರಂತೆ. ತಿರುಗಿ ನೋಡಿದರೆ ಅವರ ಮನೆಯ ಮಾಡು ಕೆಳಗೆ ಬೀಳುತ್ತಿತ್ತು. ಯಾವ ಕಿಟಕಿಗೂ ಕಾಣದ ಹಾಗೆ ಗುಡ್ಡದ ಹಿಂದೆ ನಮಗೆ ಈ ಸಾಲು ಕಟ್ಟಿಸಿದರು. ಚರ್ಚನ್ನು ಮಾತ್ರ ಕೆಡವಲಿಲ್ಲ. ಹುಲ್ಲುಹಾಸಿನ ನಡುವೆ ಅದು ನೋಡಲು ಚೆಂದವಂತೆ.

ಬದುಕಿದ್ದವರು ಗಿರಣಿ ರಸ್ತೆಯಲ್ಲಿ ಮೂರು ಮೈಲಿ ಸುತ್ತಿಕೊಂಡು ಚರ್ಚಿಗೆ ಹೋಗಬೇಕು. ಸತ್ತವರಿಗೆ ಮಾತ್ರ ದೊಡ್ಡಮನೆಯ ಗೇಟಿನೊಳಗಿನ ಹಳೆಯ ದಾರಿ. ಆದರೆ ಹೆಣ ಹೊತ್ತು ಹೋದ ದಾರಿ ಎಂದೆಂದಿಗೂ ಊರಿನ ದಾರಿಯಾಗುತ್ತದೆ ಎಂಬುದು ನಮಗೂ ಗೊತ್ತು, ಆ ಧಣಿಗೂ ಗೊತ್ತಿತ್ತು. ಅದಕ್ಕೇ ಗೇಟಿನಲ್ಲಿ ಕೆಂಪು ಮಖಮಲ್ಲಿನ ಸೂಜಿದಿಂಬು ಹಿಡಿಸಿ ಒಂದು ಆಳನ್ನು ನಿಲ್ಲಿಸಿದ. ಒಂದು ಹೆಣಕ್ಕೆ ಒಂದು ಗುಂಡುಸೂಜಿ. ಚುಚ್ಚಿದರೆ, ನಿಮ್ಮ ಅಪ್ಪಣೆಯಿಂದ ಹೋಗುತ್ತಿದ್ದೇವೆ, ದಾರಿ ನಮ್ಮದಲ್ಲ ಎಂದು ಒಪ್ಪಿಕೊಂಡ ಹಾಗೆ. ನೂರು ವರ್ಷದಿಂದ ಒಪ್ಪಿಕೊಳ್ಳುತ್ತಲೇ ಇದ್ದಾರೆ.

ಇಷ್ಟನ್ನು ನಿನ್ನ ಧಣಿ ಬರೆಯುತ್ತಾನೋ ನೋಡು. ದಿಂಬು ಹಿಡಿದು ನಿಲ್ಲುವುದು ಹೇಗಿರುತ್ತದೆ ಎಂಬುದನ್ನು ನೀನೇ ಹೇಳಬಹುದು.

ಡಾರ್ಕಸ್ ಯೆಲಂಡ್
ಕಮ್ಮಾರ ಏಮಸ್‌ನ ವಿಧವೆ


ದೊಡ್ಡಮನೆ
೨೩ ಮಾರ್ಚ್ ೧೯೧೨

ಅಮ್ಮ,

ನಿಮ್ಮ ಕಾಗದದ ಮೊದಲ ಭಾಗ ಮಡಚಿಟ್ಟುಕೊಂಡು ಉಳಿದದ್ದನ್ನು ಧಣಿಗಳಿಗೆ ಕೊಟ್ಟೆ. ಅತಿಥಿಗಳಿದ್ದರು. ಗಟ್ಟಿಯಾಗಿ ಓದಿ ನಕ್ಕರು. "ಮುದುಕಿ ಮಾತಲ್ಲಿ ಎಷ್ಟು ಖಾರ ಇದೆ ನೋಡಿ!" ಎಂದರು. ಮಾರನೆಯ ದಿನ ಅವರು ಬರೆದದ್ದು ಹೀಗೆ: "ಜೌಗು ನೆಲದ ಹಳೆಯ ಗುಡಿಸಲುಗಳನ್ನು ಬಿಟ್ಟು ಗ್ರಾಮಸ್ಥರು ಗುಡ್ಡದ ಆರೋಗ್ಯಕರ ಗಾಳಿಗೆ ಸಂತೋಷದಿಂದ ತೆರಳಿದರು. ಮನೆತನದ ಮೇಲಿನ ಪ್ರೀತಿಗೆ ಗುರುತಾಗಿ ಅವರು ಇಂದಿಗೂ ಒಂದು ಗುಂಡುಸೂಜಿಯನ್ನು ಅರ್ಪಿಸುತ್ತಾರೆ."

ನನ್ನ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ? ಬರೆದವಳು ನಾನಲ್ಲ. ನನಗೆ ನಲವತ್ತು ವರ್ಷ. ಈ ಮನೆಯ ಬೆಳ್ಳಿ, ಬಟ್ಟೆ, ಜಾಮು ಭರಣಿಗಳನ್ನು ಬಿಟ್ಟರೆ ನನಗೆ ಬೇರೆ ಬದುಕು ಗೊತ್ತಿಲ್ಲ. ಅಪ್ಪನ ವಿಷಯ ಮಾತ್ರ ಎತ್ತಬೇಡಿ.

ನಿಮ್ಮ
ಥರ್ಜಾ


ಹಿಂದಿನ ಸಾಲು
೧೫ ಏಪ್ರಿಲ್ ೧೯೧೨

ಥರ್ಜಾ,

ಎತ್ತಬೇಡ ಎಂದೆಯಲ್ಲ, ಎತ್ತುತ್ತೇನೆ.

ಆ ಕಬ್ಬಿಣದ ಗೇಟು ನಿನ್ನ ಅಪ್ಪನ ಕೈಕೆಲಸ. ಈಗಿನ ಧಣಿಯ ಅಪ್ಪ ಮಾಡಿಸಿದ್ದು. ಏಮಸ್ ನಾಲ್ಕು ತಿಂಗಳು ಕುಲುಮೆಯಲ್ಲಿ ಬೆಂದು ಮಾಡಿದ. ಅದೇ ಗೇಟಿನ ಮುಂದೆ, ಫೆಬ್ರವರಿಯ ಮಳೆಯಲ್ಲಿ, ಅವನ ಪೆಟ್ಟಿಗೆ ಬಂದು ನಿಂತಿತು. ಒಳಗೆ ಬಿಳಿ ಏಪ್ರನ್ ಕಟ್ಟಿಕೊಂಡು, ಕೆಂಪು ದಿಂಬು ಹಿಡಿದು ನಿಂತಿದ್ದವಳು ನನ್ನ ಮಗಳು. ಇಡೀ ದೊಡ್ಡಮನೆಯಲ್ಲಿ ಈಗಿನ ಧಣಿಗೆ ಬೇರೆ ಆಳು ಸಿಗಲಿಲ್ಲ. ನಾನು ಸೂಜಿ ಕೊಡುವುದಿಲ್ಲ ಎಂದೆ. ಅವನು ಮಾಡಿದ ಗೇಟು, ಅವನ ಹಿರಿಯರು ನಡೆದ ದಾರಿ, ಅವನ ಹೆಣಕ್ಕೆ ಯಾರ ಅಪ್ಪಣೆ? ಧಣಿ ನಿನ್ನ ಹಿಂದೆ ನಿಂತು, "ಹಾಗಾದ್ರೆ ಬಾಗಿಲು ಹಾಕಮ್ಮ" ಎಂದ. ನೀನು ಹಾಕಿದೆ.

ಗಿರಣಿ ರಸ್ತೆಯಲ್ಲಿ ಹೊಳೆ ಉಕ್ಕಿತ್ತು. ನಡುನೀರಿನಲ್ಲಿ ಹೊತ್ತವರ ಕಾಲು ಜಾರಿತು. ನಿನ್ನ ಅಪ್ಪ ತೇಲಿಕೊಂಡು ಹೋಗಿ ನೀರಂಚಿನ ಮರದ ಬೇರಿಗೆ ಸಿಕ್ಕಿಕೊಂಡ. ಬಡಗಿ ಜೇಬೆಜ್ ಪೈಕ್ ಕುತ್ತಿಗೆವರೆಗೆ ಇಳಿದು ಹಗ್ಗ ಹಾಕಿದ. ಪೆಟ್ಟಿಗೆಯ ಒಳಗೆ ನೀರು ಅಲ್ಲಾಡುವ ಸದ್ದು ಕೇಳುತ್ತಾ ನಾನು ಉಳಿದ ದಾರಿ ನಡೆದೆ. ಅವನನ್ನು ಒದ್ದೆಯಲ್ಲಿ ಹೂಳಿದೆವು. ಬೆಂಕಿಯಲ್ಲಿ ದುಡಿದವನನ್ನು.

ಈಗ ನನ್ನ ಸರದಿ. ಹೊಟ್ಟೆಯಲ್ಲಿ ಗಂಟು ಎದ್ದಿದೆ. ಡಾಕ್ಟರು ಒತ್ತಿ ನೋಡಿ, "ಕೊಯ್ಲಿನ ಹಬ್ಬದವರೆಗೆ ಇರೋದು ಕಷ್ಟ" ಎಂದರು. ನನಗೆ ಭಯವಿಲ್ಲ. ನನಗೊಂದು ಕೆಲಸವಿದೆ. ನನ್ನ ಪೆಟ್ಟಿಗೆ ಸೂಜಿಯಿಲ್ಲದೆ, ಅಪ್ಪಣೆಯಿಲ್ಲದೆ ಆ ಗೇಟು ದಾಟಬೇಕು, ಅವನ ಊಟದ ಕೋಣೆಯ ಕಿಟಕಿಯ ಕೆಳಗೇ ಹಾದು ಹೋಗಬೇಕು. ಒಂದೇ ಒಂದು ಸಲ ಹೋದರೆ ಸಾಕು, ಆ ದಾರಿ ಮತ್ತೆ ಊರಿನದು. ಅವನೂ ಅವನ ಮಕ್ಕಳೂ ಚಹಾ ಕುಡಿಯುವಾಗಲೆಲ್ಲ ನಮ್ಮ ಕೆಸರುಬೂಟುಗಳನ್ನು ನೋಡಬೇಕು.

ಗೇಟಿನ ಕೀಲಿ ನಿನ್ನ ಗೊಂಚಲಲ್ಲಿದೆ. ಹಾಕಿದವಳು ನೀನು, ತೆರೆಯುವವಳೂ ನೀನೇ ಆಗಬೇಕು.

ಡಾರ್ಕಸ್ ಯೆಲಂಡ್


ದೊಡ್ಡಮನೆ
೨ ಮೇ ೧೯೧೨

ಅಮ್ಮ,

ನಿಮ್ಮ ಕಾಗದ ಓದಿ ಎರಡು ದಿನ ಕೆಲಸ ಓಡಲಿಲ್ಲ. ಡಾಕ್ಟರು ಹೇಳಿದ್ದು ನಿಜವೇ? ನೋವಿದೆಯೇ? ನಾಳೆ ಕೋಳಿಸಾರು ಕಳಿಸುತ್ತೇನೆ, ದಯವಿಟ್ಟು ಚೆಲ್ಲಬೇಡಿ.

ಒಂದು ಸಂತೋಷದ ಸುದ್ದಿ. ನಾನು ಧೈರ್ಯ ಮಾಡಿ ಧಣಿಗಳನ್ನು ಕೇಳಿಯೇಬಿಟ್ಟೆ. "ನಮ್ಮಮ್ಮ ಹೋದ್ರೆ ಪೆಟ್ಟಿಗೆ ಹಳೇ ದಾರೀಲಿ ಬರಬಹುದಾ?" ಎಂದೆ. ಅವರು ಕನ್ನಡಕ ತೆಗೆದು, "ಖಂಡಿತ ಬರ್ಲಿ ಮಿಸೆಸ್ ಯೆಲಂಡ್. ಸೂಜಿ ಗೀಜಿ ಏನೂ ಬೇಡ. ನಾನೇ ಟೋಪಿ ತೆಗೆದು ಗೇಟಲ್ಲಿ ನಿಂತಿರ್ತೀನಿ" ಎಂದರು! ಅವರ ಹಸಿರುಮನೆಯಿಂದ ಹೂಮಾಲೆಯನ್ನೂ ಕಳಿಸುತ್ತಾರಂತೆ. ಪುಸ್ತಕದ ಕೊನೆಯ ಪುಟದಲ್ಲಿ ಇದನ್ನು ಬರೆಯುತ್ತಾರಂತೆ. ಇನ್ನು ಆ ಹಳೆಯದನ್ನೆಲ್ಲ ಮರೆಯಬಹುದಲ್ಲವೇ, ಅಮ್ಮ?

ನಿಮ್ಮ ಮಗಳು
ಥರ್ಜಾ


ಹಿಂದಿನ ಸಾಲು
೫ ಮೇ ೧೯೧೨

ಥರ್ಜಾ,

ನಿನ್ನ ತಲೆಯಲ್ಲಿ ಏನಿದೆ, ಪಾಲಿಷ್ ಮೇಣವೇ?

ಅಪ್ಪಣೆ ಕೇಳಿದೆಯಾ! ಹೋಗಿ ಕೈಕಟ್ಟಿ ನಿಂತು ಅಪ್ಪಣೆ ಕೇಳಿದೆಯಾ! ಅವನು ಕೊಟ್ಟದ್ದಕ್ಕೆ ಕುಣಿದಾಡುತ್ತಿದ್ದೀಯ. ಸೂಜಿ ಬೇಡ ಅಂದನಂತೆ. ಅವನಿಗೆ ಸೂಜಿ ಯಾಕೆ ಬೇಕು, ನೀನೇ ಇಡೀ ದಬ್ಬಳವನ್ನು ಕೈಗಿಟ್ಟು ಬಂದಿರುವಾಗ? ಅವನು ಟೋಪಿ ತೆಗೆದು ನಿಂತರೆ, ಹೂಮಾಲೆ ಇಟ್ಟರೆ, ನಾನು ಅವನ ಅತಿಥಿ. ಅತಿಥಿ ನಡೆದರೆ ದಾರಿ ಹುಟ್ಟುವುದಿಲ್ಲ. ಅವನ ಔದಾರ್ಯದ ಕಥೆಗೆ ನನ್ನ ಹೆಣ ಕೊನೆಯ ಪುಟ. ನಿನ್ನ ಅಪ್ಪನನ್ನು ನೀರಿಗೆ ಕಳಿಸಿದವನು ನನ್ನನ್ನು ಹೂವಿನಲ್ಲಿ ಹೂತು ಕೈ ತೊಳೆದುಕೊಳ್ಳುತ್ತಾನೆ.

ಆ ಅಪ್ಪಣೆಯನ್ನು ವಾಪಸು ಮಾಡಿಸು. ಅಲ್ಲಿಯವರೆಗೆ ನಾನು ಸಾಯುವುದಿಲ್ಲ. ಡಾಕ್ಟರಿಗೂ ಹಾಗೇ ಹೇಳಿದ್ದೇನೆ.

ಸಾರು ಚೆಲ್ಲಲಿಲ್ಲ. ಜೇಬೆಜ್‌ನ ನಾಯಿಗೆ ಹಾಕಿದೆ.

ಡಾ. ಯೆ.


ಹಿಂದಿನ ಸಾಲು
೧೧ ಜೂನ್ ೧೯೧೨

ಥರ್ಜಾ,

ಐದು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಹುಲ್ಲು ಕೊಯ್ದು ಮೆದೆ ಹಾಕಿದ್ದಾರೆ, ಊರೆಲ್ಲ ವಾಸನೆ. ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಗುಡ್ಡದ ಮೇಲೆ ನಿಮ್ಮ ಅಡುಗೆಮನೆಯ ಹೊಗೆ ಕಾಣುತ್ತದೆ. ಆರು ಗಂಟೆಗೆ ಏಳುತ್ತದೆ. ಅಂದರೆ ನೀನು ಐದೂವರೆಗೆ ಎದ್ದಿರುತ್ತೀಯ.

ನಾಯಿಗೆ ಹಾಕಿದ್ದು ಅರ್ಧ ಸಾರು ಮಾತ್ರ.

ಡಾ.


ದೊಡ್ಡಮನೆ
೧೯ ಜೂನ್ ೧೯೧೨

ಅಮ್ಮ,

ಪುಸ್ತಕದ ಅಚ್ಚಿನ ಕರಡು ಬಂದಿದೆ. ಧೂಳು ಒರೆಸುವಾಗ ಧಣಿಗಳ ಮೇಜಿನ ಮೇಲೆ ಹತ್ತೊಂಬತ್ತನೆಯ ಪುಟ ಓದಿದೆ. ಒಂದಕ್ಷರ ಬಿಡದೆ ಇಳಿಸಿದ್ದೇನೆ: "ಒಮ್ಮೆ ಕಮ್ಮಾರನ ವಿಧವೆಯೊಬ್ಬಳು ದುಃಖದ ಭರದಲ್ಲಿ ಸೂಜಿ ತರಲು ಮರೆತಳು. ಅಂದು ದಿಂಬು ಹಿಡಿದಿದ್ದವಳು ಸತ್ತವನ ಮಗಳೇ. ಮನೆತನದ ಮೇಲಿನ ನಿಷ್ಠೆಯಿಂದ ಆ ಹುಡುಗಿ ಒಂದು ಹನಿ ಕಣ್ಣೀರೂ ಇಲ್ಲದೆ ತನ್ನ ಕರ್ತವ್ಯ ಮಾಡಿದಳು. ಅವಳೇ ಇಂದು ನಮ್ಮ ಮನೆವಾರ್ತೆಯ ಮೇಲ್ವಿಚಾರಕಿ."

ಮರೆತಳು ಎಂದು ಬರೆದಿದ್ದಾರೆ. ಕಣ್ಣೀರಿಲ್ಲದೆ ಎಂದು ಬರೆದಿದ್ದಾರೆ. ಗೇಟು ಹಾಕಿದ ಮೇಲೆ ಇಸ್ತ್ರಿ ಕೋಣೆಯಲ್ಲಿ ಒದ್ದೆ ಬಟ್ಟೆಗಳ ಬುಟ್ಟಿಯೊಳಗೆ ಮುಖ ಹುದುಗಿಸಿ ನಾನು ಕೂಗಿದ್ದು ಅವರಿಗೆ ಹೇಗೆ ಗೊತ್ತಾಗಬೇಕು. ಹದಿನೆಂಟು ವರ್ಷ ಈ ಮನುಷ್ಯನ ಕಾಲರಿಗೆ ಗಂಜಿ ಹಾಕಿದ್ದೇನೆ. ಅವನು ನನ್ನನ್ನು ಆ ದಿಂಬಿಗೇ ಚುಚ್ಚಿ ಪುಸ್ತಕದಲ್ಲಿ ಇಟ್ಟುಬಿಟ್ಟಿದ್ದಾನೆ. ಅವನ ಮೇಲೆ ನನಗೆ ಎಷ್ಟು ಹೊಟ್ಟೆ ಉರಿಯುತ್ತಿದೆ ಎಂದು ನಿಮ್ಮನ್ನು ಬಿಟ್ಟು ಇನ್ನಾರಿಗೂ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ದಿನ ನನ್ನ ಏಪ್ರನ್ನಿನಲ್ಲಿ ಹನ್ನೊಂದು ಗುಂಡುಸೂಜಿಗಳಿದ್ದವು. ನಿಮ್ಮ ಬದಲು ನಾನೇ ಒಂದನ್ನು ಚುಚ್ಚಿದ್ದರೆ ಅಪ್ಪ ಒಣಗಿಯೇ ಮಣ್ಣಿಗೆ ಹೋಗುತ್ತಿದ್ದ. ನಿಮ್ಮ ಮುಖ ನೋಡಿದೆ. ನೀವು ಸ್ವಲ್ಪ ತಲೆ ಆಡಿಸಿದ್ದರೂ ಚುಚ್ಚುತ್ತಿದ್ದೆ. ನೀವು ಆಡಿಸಲಿಲ್ಲ, ನಾನು ಚುಚ್ಚಲಿಲ್ಲ. ಹೊಳೆಯ ಸುದ್ದಿ ಬಂದಾಗಿನಿಂದ ಆ ಹನ್ನೊಂದು ಸೂಜಿಗಳನ್ನು ಎಣಿಸದ ದಿನವಿಲ್ಲ.

ಥರ್ಜಾ


ಹಿಂದಿನ ಸಾಲು
೨೨ ಜೂನ್ ೧೯೧೨

ಮಗಳೇ,

ಚುಚ್ಚಿದ್ದರೆ ನಿನ್ನನ್ನು ಆ ಗೇಟಿನ ಸರಳಿನ ನಡುವಿನಿಂದ ಕೈಹಾಕಿ ಎಳೆದು ಕೊಲ್ಲುತ್ತಿದ್ದೆ.

ದಿಂಬು ಹಿಡಿದದ್ದಕ್ಕೆ ನಿನ್ನ ಮೇಲೆ ಹಲ್ಲು ಕಡಿದಿದ್ದೇನೆ. ಬಾಗಿಲು ಹಾಕಿದ್ದಕ್ಕೆ ಕಡಿದಿದ್ದೇನೆ. ಆದರೆ ಸೂಜಿ ಇದ್ದೂ ಚುಚ್ಚದೆ ನಿಂತೆಯಲ್ಲ, ಆ ದಿನ ಆ ಗೇಟಿನ ಎರಡೂ ಕಡೆ ಸೇರಿ ನಡೆದ ಒಂದೇ ಒಂದು ಸರಿಯಾದ ಕೆಲಸ ಅದು. ಇನ್ನು ಎಣಿಸಬೇಡ.

ಅಪ್ಪಣೆಯ ವಿಷಯ ಏನು ಮಾಡುತ್ತೀಯ?

ಅಮ್ಮ


ದೊಡ್ಡಮನೆ
೩ ಜುಲೈ ೧೯೧೨

ಅಮ್ಮ,

ಆಯಿತು.

ನಿಮ್ಮ ಏಪ್ರಿಲ್ ತಿಂಗಳ ಕಾಗದವನ್ನು ಇವತ್ತು ಬೆಳಿಗ್ಗೆ ಧಣಿಗಳ ತಿಂಡಿಯ ತಟ್ಟೆಯಲ್ಲಿ, ಪತ್ರಿಕೆಯ ಮಡಿಕೆಯೊಳಗೆ ಇಟ್ಟೆ. ನಾನು ಕಾಫಿ ಬಗ್ಗಿಸುತ್ತಿದ್ದ ಹಾಗೇ ಓದಿದರು. ಕಿವಿಯಿಂದ ಶುರುವಾಗಿ ಕುತ್ತಿಗೆವರೆಗೆ ಕೆಂಪಾದರು.

"ಇದೇನ್ರೀ ಇದು? ಕೆಸರುಬೂಟು? ನಮ್ಮ ಊಟದ ಕೋಣೆ ಕಿಟಕಿ ಕೆಳಗೆ?"

"ಅಯ್ಯೋ, ಅದು ಹೇಗೆ ಇಲ್ಲಿ ಬಂತು ಧಣಿ!" ಎಂದೆ.

"ನಾನು ಒಳ್ಳೇ ಮನಸ್ಸಿಂದ ಹೂ ಕೊಡ್ತೀನಿ ಅಂದ್ರೆ, ಈ ಮುದುಕಿ ನಮ್ಮ ಜಾಗ ಹೊಡ್ಕೊಳ್ಳೋಕೆ ಹೊಂಚು ಹಾಕ್ತಿದ್ದಾಳೆ! ಅವಳ ಹೆಣ ಈ ಗೇಟಿನ ಹತ್ರಾನೂ ಸುಳಿಯೋ ಹಾಗಿಲ್ಲ, ಹೇಳಿಬಿಡಿ."

"ನಾನು ಹೇಳಿದ್ರೆ ಅವರು ನಂಬೋದಿಲ್ಲ ಧಣಿ. ನಿಮ್ಮ ಕೈಯಾರೆ ಬರೆದುಕೊಟ್ರೆ ಬಾಯಿ ಮುಚ್ತಾರೆ."

ಅವರು ಕಾಫಿ ಆರಲು ಬಿಟ್ಟು ಅಲ್ಲೇ ಬರೆದರು. ಅಪ್ಪಣೆ ಹಿಂತೆಗೆದುಕೊಂಡದ್ದು, ಎಂದಿಗೂ ಕೊಡುವುದಿಲ್ಲ ಎಂದದ್ದು, ತಾರೀಖು, ರುಜು, ಮೇಲೆ ಮನೆತನದ ಮುದ್ರೆ. ಇದರ ಜೊತೆ ಇಟ್ಟಿದ್ದೇನೆ. ಗೇಟಿನ ಕೀಲಿಯನ್ನು ನನ್ನ ಗೊಂಚಲಿನಿಂದ ಬಿಚ್ಚಿ ತಮ್ಮ ಜೇಬಿಗೆ ಹಾಕಿಕೊಂಡರು. ಅದೊಂದೇ ಈಗ ತೊಂದರೆ. ಬೀಗ ಒಡೆದರೆ ಕಳ್ಳರು ಎನ್ನುತ್ತಾರೆ. ಏನು ಮಾಡೋಣ?

ಥರ್ಜಾ


ಹಿಂದಿನ ಸಾಲು
೨೦ ಜುಲೈ ೧೯೧೨

ಮಗಳೇ,

ಆ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೇನೆ. ಇಷ್ಟು ಚೆನ್ನಾಗಿ ನಿದ್ದೆ ಬಂದು ವರ್ಷಗಳಾಗಿದ್ದವು. ಇದು ಎರಡು ದಿನದಲ್ಲಿ ಬರೆದದ್ದು.

ಬೀಗದ ಚಿಂತೆ ಬಿಡು. ಗೇಟು ನೇತುಹಾಕುವಾಗ ಕಮ್ಮಾರರು ಅದು ತಿರುಗುವ ಎರಡು ಕೊಂಡಿಗಳಲ್ಲಿ ಮೇಲಿನದನ್ನು ತಲೆಕೆಳಗಾಗಿ ಕೂರಿಸುತ್ತಾರೆ, ಯಾರೂ ಎತ್ತಿ ತೆಗೆಯಬಾರದೆಂದು. ನಿನ್ನ ಅಪ್ಪ ಎರಡನ್ನೂ ಮೇಲ್ಮುಖವಾಗಿಯೇ ಕೂರಿಸಿದ. ಯಾಕೆ ಎಂದು ಕೇಳಿದರೆ, "ಇರ್ಲಿ ಬಿಡು ಡಾರ್ಕಸ್, ಯಾವತ್ತಾದ್ರೂ ಬೇಕಾಯ್ತದೆ" ಎಂದ. ಅವನ ಪೆಟ್ಟಿಗೆ ಗೇಟಿನ ಮುಂದೆ ನಿಂತಾಗ ನನಗದು ನೆನಪಾಗಲಿಲ್ಲ. ಹೊಳೆಯಿಂದ ಪೆಟ್ಟಿಗೆ ಎತ್ತಿದ ಮೇಲೆ ನೆನಪಾಯಿತು. ಆವತ್ತಿನಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನೆ. ಬೀಗ ಒಂದು ಕಡೆ ಹಾಗೇ ಇರಲಿ, ನಾಲ್ಕು ಜನ ಇನ್ನೊಂದು ಕಡೆಯಿಂದ ಎತ್ತಿದರೆ ಗೇಟು ಕೈಗೆ ಬರುತ್ತದೆ. ಜೇಬೆಜ್‌ಗೆ ತಿಳಿಸಿದ್ದೇನೆ.

ಹಾಗಿದ್ದರೆ ಕೀಲಿ ಯಾಕೆ ಕೇಳಿದೆ ಎನ್ನುತ್ತೀಯ. ನೀನು ತೆರೆಯುತ್ತೀಯೋ ಇಲ್ಲವೋ ನೋಡಬೇಕಿತ್ತು.

ಇನ್ನು ನನ್ನ ಹೆಣದ ಅಂಗಿ. ಎಲ್ಲರಿಗೂ ಮಡಿಕೆಗೆ ಗುಂಡುಸೂಜಿ ಹಾಕಿ ಮುಗಿಸುತ್ತಾರೆ. ನನ್ನ ಮೈಮೇಲೆ ಒಂದೂ ಇರಕೂಡದು. ಇದ್ದರೆ, ಹೆಣ ತಾನೇ ಸೂಜಿ ತಂದಿತ್ತು ಎನ್ನಲು ಅವನು ಹೇಸುವವನಲ್ಲ. ಹೊಲಿಗೆಯೇ ಹಾಕಬೇಕು, ಸಣ್ಣ ಹೊಲಿಗೆ, ಕತ್ತಿನಿಂದ ಪಾದದವರೆಗೆ. ಈ ಸಾಲಿನ ಹೆಂಗಸರ ಹೊಲಿಗೆ ಗೋಣಿಚೀಲಕ್ಕೆ ಸರಿ. ನೀನೇ ಬಂದು ಹೊಲಿ. ಬರುವಾಗ ನನ್ನ ಅಳತೆ ತೆಗೆದುಕೊಳ್ಳುವಷ್ಟು ದಿನ ಇಟ್ಟುಕೊಂಡು ಬಾ.

ಅಮ್ಮ


ಹಿಂದಿನ ಸಾಲು
೩೦ ಆಗಸ್ಟ್ ೧೯೧೨

ಅಮ್ಮ,

ಈ ಕಾಗದವನ್ನು ಯಾವ ಅಂಚೆಯವನೂ ತರುವುದಿಲ್ಲ. ಆದರೂ ನಿಮಗೆ ವರದಿ ಒಪ್ಪಿಸದೆ ನನಗೆ ಕೂಳು ಇಳಿಯುವುದಿಲ್ಲ. ಕೊನೆಯ ಮೂರು ವಾರ ನಾವಿಬ್ಬರೂ ಏನು ಮಾತಾಡಿದೆವು ಎಂಬುದು ಇಲ್ಲಿ ಬೇಡ, ಅದು ನಿಮಗೆ ಗೊತ್ತು. ನಿನ್ನೆಯದನ್ನು ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ಜೇಬೆಜ್ ಬಾಗಿಲಲ್ಲಿ ನಿಂತು, "ಎಲ್ರೂ ಜೇಬು ಕೊಡವ್ರಿ, ಕಾಲರು ಮುಟ್ಟಿ ನೋಡ್ಕಳಿ" ಎಂದು ಕೂಗಿದ. ಸಾಲಿನಲ್ಲಿ ಇಷ್ಟು ವರ್ಷ ತೆಪ್ಪಗೆ ಸೂಜಿ ಕೊಟ್ಟು ಹೆಣ ಸಾಗಿಸಿದವರೆಲ್ಲ ಬಂದಿದ್ದರು. ಹೆಂಗಸರು ಸೂಜಿ ಬಿಟ್ಟು ಶಾಲುಗಳಿಗೆ ಗಂಟು ಹಾಕಿಕೊಂಡಿದ್ದರು, ಟೋಪಿಗಳನ್ನು ಲಾಡಿಯಿಂದ ಗಲ್ಲಕ್ಕೆ ಕಟ್ಟಿಕೊಂಡಿದ್ದರು. ಗಾಳಿಗೆ ಅರ್ಧ ಜನರ ಕೂದಲು ಬಿಚ್ಚಿ ಹಾರುತ್ತಿತ್ತು, ಒಬ್ಬರೂ ಸರಿಮಾಡಿಕೊಳ್ಳಲಿಲ್ಲ.

ಗೇಟಿನ ಒಳಗೆ ಧಣಿ ತಾನೇ ನಿಂತಿದ್ದ. ಎಡಗೈಯಲ್ಲಿ ಕೆಂಪು ದಿಂಬು. ಯಾವ ಆಳೂ ಹಿಡಿಯಲು ಒಪ್ಪಲಿಲ್ಲವಂತೆ.

"ಬೀಗ ಹಾಕಿದೆ. ಗಿರಣಿ ರಸ್ತೆ ಕಡೆಯಿಂದ ಬನ್ನಿ" ಎಂದ.

"ಬೀಗದ ಪಾಡಿಗೆ ಬೀಗ ಇರ್ಲಿ ಸ್ವಾಮಿ, ಅದಕ್ಕೆ ಯಾಕೆ ತೊಂದ್ರೆ ಕೊಡಾನ" ಎಂದ ಜೇಬೆಜ್. ನಾಲ್ವರು ಕೊಂಡಿಯ ಕಡೆ ಬಗ್ಗಿದರು. ಅಪ್ಪನ ಗೇಟು ಒಂದು ಸಲ ಕಿರುಗುಟ್ಟಿತು, ಆಮೇಲೆ ಎದ್ದಿತು. ಬೀಗದ ಸಮೇತ ತೆಗೆದು ಪಕ್ಕಕ್ಕೆ ಒರಗಿಸಿದರು. ಧಣಿಯ ಮುಖ ಬಿಳುಚಿಕೊಂಡಿತು.

"ಸರಿ, ಸರಿ, ಹೋಗಿ. ಒಂದು ಸೂಜಿ ಚುಚ್ಚಿ ಹೋಗಿ. ಒಂದೇ ಒಂದು! ಮಿಸೆಸ್ ಯೆಲಂಡ್, ನೀವಾದ್ರೂ ಹೇಳ್ರೀ ಇವ್ರಿಗೆ."

"ನಮ್ಮ ಹತ್ರ ಸೂಜಿ ಇಲ್ಲ" ಎಂದೆ.

"ಇಷ್ಟು ಜನ ಹೆಂಗಸರಿದ್ದೀರಿ, ಯಾರ ಹತ್ರಾನೂ ಇಲ್ವಾ?"

"ಹುಡುಕಿ ನೋಡ್ಕಳಿ ಬನ್ನಿ" ಎಂದು ಹಿಂದಿನಿಂದ ಯಾರೋ ಹೆಂಗಸು ಕೂಗಿದಳು. ಪೆಟ್ಟಿಗೆ ಹೊತ್ತವರೂ ನಕ್ಕರು, ಅಮ್ಮ. ನಿಮ್ಮನ್ನು ಹೆಗಲ ಮೇಲೆ ಇಟ್ಟುಕೊಂಡು ನಕ್ಕರು.

ಆಗ ಅವನು ಏನು ಮಾಡಿದ ಗೊತ್ತೇ? ತನ್ನ ಕುತ್ತಿಗೆಯ ಟೈಯಿಂದ ಮುತ್ತಿನ ಸೂಜಿ ಕಿತ್ತು ದಿಂಬಿಗೆ ಚುಚ್ಚಿದ. "ನಿಮ್ಮ ಪರವಾಗಿ ನಾನೇ ಕೊಟ್ಟಿದ್ದೀನಿ, ಆಯ್ತಾ? ಈಗ ಹೋಗಿ!" ಎಂದ. ನಾನು ಮುಂದೆ ಹೋಗಿ ಅದನ್ನು ಕಿತ್ತು ಅವನ ಅಂಗೈಯಲ್ಲಿಟ್ಟೆ. "ನಿಮ್ಮ ಸೂಜಿ ನಿಮ್ಮ ಹತ್ರಾನೇ ಇರ್ಲಿ. ನಾವು ಹೋಗ್ತಿರೋದು ಯಾರ ಅಪ್ಪಣೆಯಿಂದಾನೂ ಅಲ್ಲ. ನಿಮ್ಮದೇ ರುಜು ಇದೆ" ಎಂದು ಅವನು ಜುಲೈಯಲ್ಲಿ ಬರೆದುಕೊಟ್ಟದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಮುಗಿದ ಮೇಲೆ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಆ ದಿಂಬಿನ ಮೇಲೆ ಇಟ್ಟೆ. ಗಲಗಲ ಅನ್ನುವ ಗಂಡನನ್ನು ಅಲ್ಲೇ ಬಿಟ್ಟು ಬಂದೆ.

ಊಟದ ಕೋಣೆಯ ಕಿಟಕಿಯ ಕೆಳಗೇ ಹೋದೆವು. ಜೇಬೆಜ್ ಅಲ್ಲಿ ಬೇಕೆಂದೇ ನಿಂತು ಹೆಗಲು ಬದಲಾಯಿಸಿದ. ದೇವದಾರು ಮರಗಳ ನಡುವೆ, ನಿಮ್ಮ ಅಜ್ಜಿಯ ಒಲೆಯಿದ್ದ ಜಾಗದಲ್ಲಿ ಇನ್ನೊಂದು ಸಲ. ನಿಮ್ಮನ್ನು ಅಪ್ಪನ ಎಡಕ್ಕೆ ಇಟ್ಟಿದ್ದೇವೆ. ಮಣ್ಣು ಒಣಗಿತ್ತು.

ನಿಮ್ಮ ಮಗಳು
ಥರ್ಜಾ


ಹಿಂದಿನ ಸಾಲು, ವಿದಿಕಾಟ್
೬ ಮೇ ೧೯೩೪

ಸ್ಟಾವೆಲ್ ಅವರಿಗೆ,

ನಿಮ್ಮ ವಕೀಲರ ಕಾಗದ ತಲುಪಿತು. ಹೆಣ ಹೊತ್ತು ಹೋದರೆ ದಾರಿ ಊರಿನದಾಗುತ್ತದೆ ಎಂಬುದು ಹಳ್ಳಿಗರ ಮೂಢನಂಬಿಕೆ, ಈ ದೇಶದ ಯಾವ ಕಾನೂನಿನಲ್ಲೂ ಅದು ಎಂದೂ ಇರಲಿಲ್ಲ, ಆದ್ದರಿಂದ ಗೇಟನ್ನು ಮತ್ತೆ ನಿಲ್ಲಿಸುತ್ತೇವೆ ಎಂದು ಬರೆದಿದ್ದಾರೆ.

ನಾನೂ ಪೇಟೆಗೆ ಹೋಗಿ ಬೇರೆ ವಕೀಲರನ್ನು ಕೇಳಿದೆ. ನಿಮ್ಮವರು ಹೇಳಿದ್ದು ನಿಜ. ನಮ್ಮಮ್ಮನಿಗೆ ತಪ್ಪು ತಿಳುವಳಿಕೆಯಿತ್ತು. ಅವಳ ಅಜ್ಜಿಗೂ ಇತ್ತು. ಆದರೆ ನಿಮ್ಮ ಅಜ್ಜನಿಗೂ ಇತ್ತು, ಇಲ್ಲದಿದ್ದರೆ ದಿಂಬು ಯಾಕೆ ಹೊಲಿಸಿದರು? ನಿಮಗೂ ಇತ್ತು. ಆ ದಿನ ಪೆಟ್ಟಿಗೆ ಹೋಗಿ ಮುಟ್ಟಿದ ಮೇಲೆ, ಎಲ್ಲ ಮುಗಿಯಿತು ಎಂದು ನೀವೂ ನಂಬಿದಿರಿ. ಒಂದು ಹಗ್ಗವನ್ನೂ ಅಡ್ಡ ಕಟ್ಟಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಇಪ್ಪತ್ತೊಂದು ವರ್ಷ ಎಂಟು ತಿಂಗಳು ನಾವು ದಿನವೂ ನಡೆದೆವು. ಚರ್ಚಿಗೆ, ಹಾಲಿಗೆ, ಯಾವ ಕೆಲಸವೂ ಇಲ್ಲದಿದ್ದರೆ ನಿಮ್ಮ ಊಟದ ಹೊತ್ತಿಗೆ ಸುಮ್ಮನೆ. ಇಪ್ಪತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಯಾರ ತಡೆಯೂ ಇಲ್ಲದೆ ಜನ ನಡೆದ ದಾರಿ ಜನರದೇ ಎಂಬುದು ಕಾನೂನಿನಲ್ಲಿ ಇದೆಯಂತೆ. ಹೆಣ ಕೊಡದ ಹಕ್ಕನ್ನು ನಿಮ್ಮ ಹೆದರಿಕೆ ಕೊಟ್ಟಿದೆ. ಇದನ್ನು ಕೇಳಲು ಅಮ್ಮ ಇರಬೇಕಿತ್ತು, ಬಿದ್ದು ಬಿದ್ದು ನಗುತ್ತಿದ್ದಳು.

ಈ ಮನೆ ಬಿಡಿಸುವ ಮಾತೂ ಆಡಿದ್ದಾರೆ. ಇದರ ಗುತ್ತಿಗೆ ಮೂರು ಜೀವಗಳಿಗೆ ಬರೆದದ್ದು: ಅಪ್ಪ, ಅಮ್ಮ, ನಾನು. ನಾನು ಉಸಿರಾಡುವ ತನಕ ಯಾರೂ ಮುಟ್ಟುವಂತಿಲ್ಲ. ಅದಕ್ಕೇ ಚೆನ್ನಾಗಿ ಊಟ ಮಾಡುತ್ತಿದ್ದೇನೆ.

ನಿಮ್ಮ ಪುಸ್ತಕದ ಒಂದು ಪ್ರತಿ ಚರ್ಚಿನಲ್ಲಿದೆ. ಹತ್ತೊಂಬತ್ತನೆಯ ಪುಟದಲ್ಲಿ "ಮರೆತಳು" ಎಂಬುದನ್ನು ಹೊಡೆದು "ಕೊಡಲಿಲ್ಲ" ಎಂದು ಶಾಯಿಯಲ್ಲಿ ಬರೆದವಳು ನಾನು. ಓದುವವರೆಲ್ಲ ಈಗ ಹಾಗೇ ಓದುತ್ತಾರೆ.

ನಿಮಗೆ ಈಚೆಗೆ ಮೈ ಸರಿಯಿಲ್ಲವೆಂದು ಕೇಳಿದೆ. ನಿಮ್ಮ ಹೆಬ್ಬಾಗಿಲಿನಿಂದ ಚರ್ಚಿನ ಅಂಗಳಕ್ಕೆ ಹೋಗಲು ನಮ್ಮ ದಾರಿಯ ಮೇಲೆ ಅರವತ್ತೆರಡು ಹೆಜ್ಜೆ ನಡೆಯಲೇಬೇಕು. ಬೇರೆ ಉಪಾಯವಿಲ್ಲ, ನಾನೇ ಅಳೆದಿದ್ದೇನೆ. ಆ ದಿನ ನಾನು ಅಲ್ಲಿ ನಿಂತಿರುತ್ತೇನೆ. ನಿಮ್ಮನ್ನು ಹೊರುವವರಿಗೆ ಈಗಲೇ ಹೇಳಿಡಿ, ಸೂಜಿ ತರುವುದು ಬೇಡ. ಅದು ಊರಿನ ದಾರಿ. ಅಲ್ಲಿ ಯಾರು ಬೇಕಾದರೂ ಹೋಗಬಹುದು, ನೀವೂ.

ಇಂತು,
ಥರ್ಜಾ ಯೆಲಂಡ್
ಕಮ್ಮಾರ ಏಮಸ್ ಮತ್ತು ಡಾರ್ಕಸ್ ಅವರ ಮಗಳು